ಗಾಡಿ ರಸ್ತೆಯಲ್ಲಿ, ಅತ್ತೆ ಕಡಲಂಚಿನಲ್ಲಿ

ನಮ್ಮ ಅತ್ತೆಗೆ ಗಾಡಿ ಎಂದರೆ ಆಗುತ್ತಿರಲಿಲ್ಲ. ಕೂತು ಇಪ್ಪತ್ತು ನಿಮಿಷವಾದರೆ ಸಾಕು, ಹೊಟ್ಟೆ ತೊಳಸಿ, ಮುಖ ಬಿಳಿಚಿಕೊಂಡು, ಕರುಳೇ ಬಾಯಿಗೆ ಬಂದಂತಾಗುತ್ತಿತ್ತು. ಬಸ್ಸು, ಕಾರು, ರೈಲು, ಯಾವುದಾದರೂ ಅಷ್ಟೇ. ಮಾತ್ರೆ ನುಂಗಿ ನೋಡಿದಳು, ನಿಂಬೆಹಣ್ಣು ಮೂಸಿ ನೋಡಿದಳು, ಕಣ್ಣು ಮುಚ್ಚಿ ಕೂತು ನೋಡಿದಳು. ಯಾವುದೂ ನಡೆಯಲಿಲ್ಲ. ಅವಳಿಗೆ ಗಂಡು ಹುಡುಕುವಾಗ ನಮ್ಮಜ್ಜ ಹಾಕಿದ ಷರತ್ತು ಒಂದೇ ಒಂದಂತೆ: "ಹುಡುಗ ಹೇಗಾದ್ರೂ ಇರ್ಲಿ, ಮನೆ ಮಾತ್ರ ನಡ್ಕೊಂಡು ಹೋಗೋ ದೂರದಲ್ಲಿರ್ಬೇಕು." ಹಾಗೆ ಸಿಕ್ಕವನು ಮೂರು ಬೀದಿ ಆಚೆಯ ಗಡಿಯಾರ ರಿಪೇರಿಯವ. ಪುಣ್ಯಕ್ಕೆ ಒಳ್ಳೆಯವನೇ ಸಿಕ್ಕಿದ. ನೆಂಟರ ಮದುವೆಗಳಿಗೆಲ್ಲ ಅವನೊಬ್ಬನೇ ಹೋಗಿ, ಊಟಕ್ಕೆ ಏನಿತ್ತು ಎನ್ನುವುದರಿಂದ ಹಿಡಿದು ಯಾರು ಯಾರ ಮೇಲೆ ಮುನಿಸಿಕೊಂಡರು ಎನ್ನುವವರೆಗೆ ಬಂದು ವರದಿ ಒಪ್ಪಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಆ ವರದಿಯೂ ನಿಂತುಹೋಯಿತು.

ಅತ್ತೆ ಕೆಲಸ ಮಾಡಿದ್ದು ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ, ಮೂವತ್ತನಾಲ್ಕು ವರ್ಷ. ಅದು ನೆಲಮಾಳಿಗೆ, ಕಿಟಕಿಯೇ ಇಲ್ಲ. ಒಂದು ಗೋಡೆಗೆ ಸಾಲಾಗಿ ಒಗೆಯುವ ಯಂತ್ರಗಳು, ಇನ್ನೊಂದು ಗೋಡೆಗೆ ಒಣಗಿಸುವ ಯಂತ್ರಗಳು, ನಡುವೆ ಒದ್ದೆ ಬೆಡ್‌ಶೀಟನ್ನು ನುಂಗಿ ಆಚೆ ಕಡೆ ಗರಿಗರಿಯಾಗಿ ಉಗುಳುವ ಉದ್ದನೆಯ ಬಿಸಿ ಉರುಳೆ. ಮನೆಯಿಂದ ಅಲ್ಲಿಗೆ ನಾಲ್ಕು ಕಿಲೋಮೀಟರು. ಬಸ್ಸು ಮನೆ ಬಾಗಿಲಲ್ಲೇ ನಿಲ್ಲುತ್ತಿತ್ತು, ಆದರೂ ಅತ್ತೆ ನಡೆದೇ ಹೋದಳು, ನಡೆದೇ ಬಂದಳು. ಎಂಟು ಗಂಟೆ ನಿಂತು, ಎಂಟು ಕಿಲೋಮೀಟರು ನಡೆದು, ಅವಳ ಕಾಲುಗಳು ತೇಗದ ಕಂಬದ ಹಾಗಿದ್ದವು. ಸಮುದ್ರ ನಮ್ಮೂರಿಂದ ನಲವತ್ತೇ ಕಿಲೋಮೀಟರು. ಅರವತ್ತೊಂದು ವರ್ಷವಾದರೂ ಅವಳು ಅದನ್ನು ನೋಡಿರಲಿಲ್ಲ.

ಬೆಡ್‌ಶೀಟು ಮಡಿಸಲು ಇಬ್ಬರು ಬೇಕು. ಇಪ್ಪತ್ತು ವರ್ಷ ಅದರ ಇನ್ನೊಂದು ತುದಿ ಹಿಡಿದವಳನ್ನು ಅತ್ತೆ ಹೆಸರು ಹಿಡಿದು ಕರೆದದ್ದೇ ಇಲ್ಲ, 'ಜೋಡಿ' ಎಂದೇ ಕರೆಯುತ್ತಿದ್ದಳು. ಜೋಡಿ ಹತ್ತು ವರ್ಷದ ಹಿಂದೆ ಕೆಲಸ ಬಿಟ್ಟು, ಕರಾವಳಿ ರಸ್ತೆಯ ಕಟ್ಟಕಡೆಯ ಊರಿನಲ್ಲಿದ್ದ ಮಗನ ಮನೆ ಸೇರಿದ್ದಳು. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಫೋನಿನಲ್ಲಿ, "ನಿಂಗೆ ಬರೋಕಾಗಲ್ಲ ಅಂತ ಗೊತ್ತು ಕಣೇ. ಸುಮ್ನೆ ಹೇಳ್ದೆ ಅಷ್ಟೇ" ಎಂದಳಂತೆ.

ಮಾರನೆಯ ಬೆಳಗ್ಗೆ ಅತ್ತೆ ನಮ್ಮ ಮನೆಗೆ ಬಂದಳು. ಅಪ್ಪ ಅವಳ ತಮ್ಮ. ಇಪ್ಪತ್ತಾರು ವರ್ಷ ಕರಾವಳಿಯ ಅಂಗಡಿಗಳಿಗೆ ಬ್ರೆಡ್ಡು ಹಾಕಿದ ವ್ಯಾನಿನ ಡ್ರೈವರು. ನಿವೃತ್ತನಾದಾಗ ಅದೇ ವ್ಯಾನನ್ನು ಕೊಂಡುಕೊಂಡಿದ್ದ.

"ಲೋ, ನಿನ್ನ ಗಾಡಿ ಓಡುತ್ತಾ?" ಅಂದಳು.

"ಓಡುತ್ತೆ. ನೀನು ಕೂರ್ತೀಯಾ?"

"ಕೂರೋವಷ್ಟು ಕೂರ್ತೀನಿ. ಆಗ್ದೇ ಇದ್ದಾಗ ಇಳಿದು ನಡೀತೀನಿ."

"ಅಕ್ಕ, ನೂರ ತೊಂಬತ್ತು ಕಿಲೋಮೀಟರ್."

"ಎಲ್ಲಾನೂ ನಡೀತೀನಿ ಅಂದ್ನಾ?"

ನಾನು ಶಾಲೆಯಲ್ಲಿ ಪಾಠ ಹೇಳುವವಳು. ರಜೆಯಿತ್ತು, ನಾನೂ ಹೊರಟೆ. ಮೂರು ದಿನದ ಪ್ರಯಾಣ ಎಂದುಕೊಂಡೆವು. ಅಪ್ಪನ ಲೆಕ್ಕಾಚಾರ ಹೀಗಿತ್ತು: ಕಡಲ ಪಕ್ಕದಲ್ಲೇ ಹೋಗುವ ರಸ್ತೆ, ಎಲ್ಲೆಲ್ಲಿ ಗುಡ್ಡವೊಂದು ನೀರಿಗೆ ಮೂತಿ ಚಾಚಿದೆಯೋ ಅಲ್ಲೆಲ್ಲ ಒಳಕ್ಕೆ ತಿರುಗಿ, ಗುಡ್ಡದ ಬೆನ್ನು ಸುತ್ತಿ ಬರುತ್ತದೆ. ರಸ್ತೆ ಆಗುವ ಮೊದಲು ಜನ ಗುಡ್ಡದ ಅಂಚಿನಲ್ಲೇ ನಡೆದಾಡುತ್ತಿದ್ದರು, ಆ ಕಾಲುದಾರಿ ಈಗಲೂ ಇದೆ. ಅತ್ತೆ ಗುಡ್ಡದ ಈಚೆ ಇಳಿದರೆ ಆಚೆ ಹತ್ತಿಸಿಕೊಳ್ಳಬಹುದು.

ಮೊದಲ ನಲವತ್ತು ಕಿಲೋಮೀಟರಿನಲ್ಲಿ ಕಾಲುದಾರಿಯೂ ಇಲ್ಲ, ಕಡಲೂ ಇಲ್ಲ. ಮೂರು ಸಲ ನಿಲ್ಲಿಸಿದೆವು. ಮೂರನೆಯ ಸಲ ಅತ್ತೆ ರಸ್ತೆ ಬದಿಯಲ್ಲಿ ಬಗ್ಗಿ ಕೂತು, ಬಾಯಿ ಒರೆಸಿಕೊಂಡು, ವ್ಯಾನಿನ ಕಡೆ ಜನ್ಮದ ವೈರಿಯನ್ನು ನೋಡುವ ಹಾಗೆ ನೋಡಿದಳು. ವಾಪಸು ಹೋಗೋಣ ಎನ್ನುತ್ತಾಳೆ ಎಂದೇ ಅಂದುಕೊಂಡೆ. ಅವಳು ಕ್ಯಾನ್ವಾಸ್ ಶೂಗಳ ಲೇಸು ಬಿಗಿ ಮಾಡಿಕೊಂಡು, "ಮೊದಲ್ನೇ ಗುಡ್ಡ ಎಷ್ಟು ದೂರ?" ಅಂದಳು.

ರಸ್ತೆ ಕಡಲನ್ನು ಮುಟ್ಟುವ ಮೊದಲೇ ಬರುವ ಆ ಗುಡ್ಡದ ಬುಡದಲ್ಲಿ ಅತ್ತೆ, ನಾನು ಇಳಿದೆವು. ಅಪ್ಪ ಮುಂದೆ ಹೋದ. ದಾರಿ ಕುರುಚಲು ಗಿಡಗಳ ನಡುವೆ ಏರುತ್ತಿತ್ತು. ಅತ್ತೆ ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಎಲ್ಲಿಂದಲೋ ಗುಡುಗಿನಂಥ ಸದ್ದು, ನಿಂತು ನಿಂತು, ನೆಲದೊಳಗಿಂದ ಬಂದಂತೆ ಕೇಳುತ್ತಿತ್ತು. "ಇಲ್ಲೇನಾದ್ರೂ ಕಾರ್ಖಾನೆ ಇದ್ಯಾ?" ಎಂದು ಅತ್ತೆ ಕೇಳಿದಳು. ನಾನು ಉತ್ತರ ಕೊಡುವ ಮೊದಲೇ ಏರು ಮುಗಿಯಿತು.

ಮುಂದೆ ನೆಲವೇ ಇರಲಿಲ್ಲ. ನಮ್ಮ ಕಾಲಿನಿಂದ ಹತ್ತು ಹೆಜ್ಜೆಗೆ ಗುಡ್ಡ ಕಡಿದು ಬಿದ್ದಿತ್ತು. ಅದರಾಚೆ ನೀಲಿ, ಅದಕ್ಕೂ ಆಚೆ ಇನ್ನೂ ನೀಲಿ. ಎಲ್ಲಿ ಮುಗಿಯಬೇಕು ಎಂದು ಕಣ್ಣು ಹುಡುಕಿ ಹುಡುಕಿ ಸೋತಿತು. ಕೆಳಗೆ ಅಲೆಯೊಂದು ಬಂಡೆಗೆ ಬಡಿಯಿತು. ಬಡಿದದ್ದು ಮೊದಲು ಕಂಡಿತು, ಸದ್ದು ಆಮೇಲೆ ಬಂತು, ಕೊನೆಗೆ ಅಂಗಾಲಿನ ಕೆಳಗೆ ನೆಲ ಸಣ್ಣಗೆ ನಡುಗಿತು. ನಾನು ಸಮುದ್ರವನ್ನು ಬೇಕಾದಷ್ಟು ಸಲ ನೋಡಿದವಳು, ಆದರೆ ನೋಡಿದ್ದೆಲ್ಲ ದಡದಲ್ಲಿ ನಿಂತು. ಇಷ್ಟು ಎತ್ತರದಿಂದ, ಇಷ್ಟನ್ನು, ಒಟ್ಟಿಗೆ ನೋಡಿರಲಿಲ್ಲ.

ಅತ್ತೆ ನಿಂತೇ ಇದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಎಷ್ಟೋ ಹೊತ್ತಾದ ಮೇಲೆ ಕೇಳಿದಳು:

"ಇದು ಯಾವಾಗ್ಲೂ ಹೀಗೇನಾ?"

"ಹೂಂ ಅತ್ತೆ."

"ಯಾರೂ ನೋಡೋಕೆ ಬರ್ದೇ ಇದ್ದಾಗ್ಲೂ?"

"ಆಗ್ಲೂ ಹೀಗೇ."

ಅವಳು ತಲೆಯಾಡಿಸಿದಳು. ಆಮೇಲೆ, ನನಗಲ್ಲ, ತನಗೇ ಹೇಳಿಕೊಂಡಳು: "ನಾನು ಆ ನೆಲಮಾಳಿಗೇಲಿ ನಿಂತಿದ್ದಾಗೆಲ್ಲ ಇದು ಇಲ್ಲಿ ನಡೀತಾನೇ ಇತ್ತು."

ಗುಡ್ಡ ಇಳಿದು ರಸ್ತೆಗೆ ಬಂದಾಗ ವ್ಯಾನು ಇರಲಿಲ್ಲ. ಮೋರಿಯ ಕಟ್ಟೆಯ ಮೇಲೆ ಕೂತು ತಂದಿದ್ದ ಬೇಯಿಸಿದ ಮೊಟ್ಟೆ ಸುಲಿದು ತಿಂದೆವು. ಅಪ್ಪ ಬಂದದ್ದು ಆಮೇಲೆ. ಸುತ್ತುರಸ್ತೆಯಲ್ಲಿ ಮರದ ದಿಮ್ಮಿ ತುಂಬಿದ ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡಿದ್ದನಂತೆ. ನಮ್ಮನ್ನು ಕಂಡು ಕಕ್ಕಾಬಿಕ್ಕಿಯಾದ.

"ಹೇಗೆ ಬಂದ್ರಿ?"

"ನಡ್ಕೊಂಡು," ಅಂದಳು ಅತ್ತೆ. "ನಿಂಗೆ ಅರ್ಜೆಂಟ್ ಇದ್ರೆ ನೀನೂ ನಡ್ಕೊಂಡು ಬಾ."

ಆ ದಿನ ಅಂಥವೇ ಇನ್ನೂ ಎರಡು ಗುಡ್ಡ ದಾಟಿದಳು. ವ್ಯಾನಿನಲ್ಲಿ ಕೂತಾಗ ಮುಖ ಬಿಳಿಚಿಕೊಳ್ಳುವುದೇನೂ ತಪ್ಪಲಿಲ್ಲ. ಆದರೆ ಇಳಿಯುವಾಗ ಅವಳಲ್ಲಿದ್ದ ಅವಸರವೇ ಬೇರೆ.

ಎರಡನೆಯ ದಿನದ ಗುಡ್ಡ ದೊಡ್ಡದು, ಕಾಲುದಾರಿಯೇ ಹನ್ನೊಂದು ಕಿಲೋಮೀಟರು. ನನ್ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಅತ್ತೆ ನೀರಿನ ಬಾಟಲಿ, ಬ್ರೆಡ್ಡು ಚೀಲಕ್ಕೆ ಹಾಕಿಕೊಂಡು ಒಬ್ಬಳೇ ಹೊರಟಳು. "ದಾರಿ ಒಂದೇ ಇರೋದು, ತಪ್ಪೋಕೆ ಏನಿದೆ?" ಎಂದಳು. ಆಚೆ ಬದಿಯ ದೀಪಸ್ತಂಭದ ಹತ್ತಿರ ನಾವು ಕಾಯಬೇಕು, ಮಧ್ಯಾಹ್ನ ಎರಡು ಗಂಟೆಯೊಳಗೆ ಅವಳು ಬರಬೇಕು ಎಂದು ಮಾತಾಯಿತು.

ಒಂದೂವರೆಗೆ ಕಡಲಿನಿಂದ ಮಂಜು ಎದ್ದಿತು. ಹತ್ತು ನಿಮಿಷದಲ್ಲಿ ಗುಡ್ಡ ಮಾಯವಾಯಿತು, ದೀಪಸ್ತಂಭ ಮಾಯವಾಯಿತು, ಕೈ ಚಾಚಿದರೆ ನನ್ನ ಬೆರಳು ನನಗೇ ಮಸುಕು. ಎರಡಾಯಿತು, ಮೂರಾಯಿತು. ಅಪ್ಪ ವ್ಯಾನಿನ ಹಾರನ್ನು ಬಾರಿಸಿದ. ಆ ಸದ್ದು ಹತ್ತಿಯಲ್ಲಿ ಹೂತಂತೆ ಅಲ್ಲೇ ಸತ್ತುಹೋಯಿತು. "ನಾನೇ ಕಳಿಸ್ದೆ. ನಂಗೆ ಬುದ್ಧಿ ಇದ್ಯಾ?" ಎಂದು ಐದು ಸಲ ಹೇಳಿದ. ದಾರಿಯಲ್ಲಿ ಅಷ್ಟು ದೂರ ಹೋಗಿ ಕೂಗಿದ, ಮುಂದಿನ ಹೆಜ್ಜೆ ಕಾಣದೆ ಹಿಂದೆ ಬಂದ. ನಾಲ್ಕಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕೂತೆವು.

ಮಂಜು ಬಂದಷ್ಟೇ ಬೇಗ ಹೋಯಿತು. ಅದಾಗಿ ಮುಕ್ಕಾಲು ಗಂಟೆಗೆ ಗುಡ್ಡದ ನೆತ್ತಿಯ ಮೇಲೆ ಅತ್ತೆ ಕಂಡಳು, ಅವಸರವೇ ಇಲ್ಲದ ನಡಿಗೆ. ಅಪ್ಪ ಓಡಿಹೋಗಿ ಅವಳ ಎರಡೂ ತೋಳು ಹಿಡಿದುಕೊಂಡ.

"ಯಾಕೋ ಅಳ್ತೀಯಾ? ಕೂತಿದ್ದೆ ಅಷ್ಟೇ," ಅಂದಳು.

ಏನಾಯಿತೆಂದು ವ್ಯಾನಿನ ಮೆಟ್ಟಿಲ ಮೇಲೆ ಕೂತು ಹೇಳಿದಳು. ಲಾಂಡ್ರಿಯಲ್ಲಿ ಒಮ್ಮೊಮ್ಮೆ ಪೈಪು ಬಿಟ್ಟುಕೊಂಡು ಕೋಣೆಯೆಲ್ಲ ಹಬೆ ತುಂಬುತ್ತಿತ್ತಂತೆ. ಆಗ ಯಾರೂ ಓಡಾಡಬಾರದು, ಸುತ್ತ ಬಿಸಿ ಯಂತ್ರಗಳಿರುತ್ತವೆ, ನಿಂತಲ್ಲೇ ನಿಲ್ಲಬೇಕು. ಮಂಜು ಮುಚ್ಚಿದಾಗ ಅವಳು ಹಾಗೇ ಮಾಡಿದಳು. ಕಾಲ ಕೆಳಗಿನ ಹುಲ್ಲು ಮುಟ್ಟಿ ನೋಡಿ, ಅಲ್ಲೇ ಕೂತಳು. ಎರಡೂವರೆ ಗಂಟೆ ಬಿಳಿ ಬಿಟ್ಟು ಏನೂ ಇಲ್ಲ. ಸಮುದ್ರದ ಸದ್ದು ಮಾತ್ರ, ಅದೂ ಯಾವ ಕಡೆಯಿಂದ ಎಂದು ತಿಳಿಯದಂತೆ, ತಲೆಯ ಮೇಲಿನಿಂದಲೂ ಬಂದಂತೆ.

"ಭಯ ಆಗ್ಲಿಲ್ವಾ ಅತ್ತೆ?"

"ಆಯ್ತು. ಆಗ್ದೇ ಇರುತ್ತಾ? ಬ್ರೆಡ್ ತಿಂದೆ."

ಆಮೇಲೆ ಗಾಳಿ ಎದ್ದಿತು, ಬಿಳಿ ತೆಳ್ಳಗಾಯಿತು. ಅವಳು ಕೂತ ಜಾಗದಿಂದ ಎರಡು ಮಾರು ದೂರಕ್ಕೆ ಗುಡ್ಡದ ಅಂಚು. ಅಂಚಿನ ಕೆಳಗೆ ಬಂಡೆ ಮೆಟ್ಟಿಲು ಮೆಟ್ಟಿಲಾಗಿ ಒಡೆದಿತ್ತು. ಮೆಟ್ಟಿಲು ಮೆಟ್ಟಿಲಿನ ಮೇಲೂ ಕಪ್ಪು ಹಕ್ಕಿಗಳು, ನೂರಲ್ಲ, ಸಾವಿರ. ಒಂದೂ ಅಲುಗಾಡದೆ, ಒಂದೂ ಉಸಿರೆತ್ತದೆ, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ಕೂತಿದ್ದವು. ಅಷ್ಟು ಹೊತ್ತೂ ಅವಳ ಪಕ್ಕದಲ್ಲೇ ಇದ್ದವು, ಅವಳಿಗೆ ಗೊತ್ತೇ ಆಗಿರಲಿಲ್ಲ.

"ಅವೂ ಕಾಯ್ತಿದ್ವು," ಅಂದಳು ಅತ್ತೆ. ಧ್ವನಿ ತಗ್ಗಿತ್ತು. "ನನ್ನ ಹಾಗೇ. ಆಮೇಲೆ ಬಿಸಿಲು ಬಿತ್ತು ನೋಡು, ಒಂದು ರೆಕ್ಕೆ ಬಿಚ್ಚಿತು. ಅದರ ಪಕ್ಕದ್ದು ಬಿಚ್ಚಿತು. ಹಾಗೇ ಕೆಳಗಿಂದ ಮೇಲಿನವರೆಗೆ ಎಲ್ಲಾ ರೆಕ್ಕೆ ಬಿಚ್ಕೊಂಡು ಒಣಗಿಸ್ಕೊಂಡ್ವು. ಹೋಗೋಕೆ ಮನಸ್ಸು ಬರ್ಲಿಲ್ಲ. ಅದಕ್ಕೇ ತಡ ಆಯ್ತು."

"ನೀರುಕಾಗೆ ಇರ್ಬೇಕು," ಅಂದ ಅಪ್ಪ.

"ಏನಾದ್ರೂ ಇರ್ಲಿ. ನಿಂಗೆ ಗೊತ್ತಿತ್ತಾ?"

ಅಪ್ಪ ರಸ್ತೆಯ ಕಡೆ ನೋಡಿದ. "ಇಪ್ಪತ್ತಾರು ವರ್ಷ ಈ ರಸ್ತೇಲಿ ಓಡಾಡ್ದೆ ಅಕ್ಕ. ನಾನು ನೋಡಿದ್ದು ಮುಂದಿನ ಲಾರಿಯ ಬೆನ್ನು."

ಮೂರನೆಯ ದಿನ ಅವನು ವ್ಯಾನಿನ ಕೀಲಿಯನ್ನು ನನ್ನ ಕೈಗೆ ಕೊಟ್ಟ. ನಾನು ಓಡಿಸಿದೆ, ಅಕ್ಕ ತಮ್ಮ ನಡೆದರು. ಕೊನೆಯ ಗುಡ್ಡದ ಆಚೆ ಕಾಯುತ್ತಿದ್ದಾಗ ಮೇಲಿನಿಂದ ಇಬ್ಬರೂ ಇಳಿದು ಬರುವುದು ಕಂಡಿತು. ಅಪ್ಪ ಬಂದು, ಹಿಂದಿನ ಸೀಟಿನಲ್ಲಿ ಕೂತು, ಊರು ಸಿಗುವವರೆಗೂ ಕಿಟಕಿಯಿಂದ ನೀರಿನ ಕಡೆಗೇ ನೋಡುತ್ತಿದ್ದ.

ಜೋಡಿ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಬಾಗಿಲಲ್ಲಿ ಅತ್ತೆಯನ್ನು ಕಂಡು, ಕನಸೋ ಎನ್ನುವಂತೆ ಕಣ್ಣು ಕಿರಿದು ಮಾಡಿದಳು.

"ಗಾಡೀಲಿ ಬಂದ್ಯಾ?"

"ಸ್ವಲ್ಪ ಗಾಡೀಲಿ, ಸ್ವಲ್ಪ ಕಾಲಲ್ಲಿ." ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತು, ನೇರ ವಿಷಯಕ್ಕೇ ಬಂದಳು: "ಒಂಬತ್ತು ವರ್ಷದಿಂದ ಈ ಸಮುದ್ರದ ಪಕ್ಕದಲ್ಲೇ ಇದ್ದೀಯಾ. ಫೋನಲ್ಲಿ ಸೊಸೆ ವಿಷ್ಯ ಹೇಳ್ದೆ, ಮಂಡಿ ನೋವು ಹೇಳ್ದೆ. ಇದನ್ನ ಒಂದ್ಸಲಾನೂ ಹೇಳ್ಲಿಲ್ವಲ್ಲೇ."

ಜೋಡಿ ಅತ್ತೆಯ ಕೈ ಹಿಡಿದುಕೊಂಡಳು. "ಏನಂತ ಹೇಳ್ಲಿ? ಎರಡು ಸಲ ಹೇಳೋಕೆ ನೋಡ್ದೆ ಕಣೇ. ಬಾಯಿಗೆ ಬರ್ಲಿಲ್ಲ."

ಮರುದಿನ ಅಪ್ಪ, ನಾನು ಹೊರಟೆವು. ಅತ್ತೆ ಉಳಿದಳು. ಒಂದು ವಾರಕ್ಕೆಂದು ಉಳಿದವಳು ಏಳು ವಾರ ಇದ್ದಳು, ಜೋಡಿ ಕೋಲು ಹಿಡಿದು ಅಂಗಳಕ್ಕೆ ಬರುವವರೆಗೆ. ಕರೆತರಲು ಯಾವಾಗ ಬರಲಿ ಎಂದು ಅಪ್ಪ ಕೇಳಿದಾಗ, "ಬಾ. ಆದ್ರೆ ಮೂರು ದಿನ ಸಾಲಲ್ಲ, ಐದು ದಿನ ಬಿಡುವು ಮಾಡ್ಕೊಂಡು ಬಾ. ಬರುವಾಗ ಬಿಟ್ಟ ಗುಡ್ಡಗಳಿವೆ" ಎಂದಳು.

ಅದೇ ಫೋನಿನಲ್ಲಿ ನನಗೂ ಒಂದು ಸುದ್ದಿ ಹೇಳಿದಳು. ಹಿಂದಿನ ದಿನ ಅಮಾವಾಸ್ಯೆ. ಬೆಳಗ್ಗೆ ಎದ್ದು ನೋಡಿದರೆ ನೀರು ಹಿಂದೆ ಸರಿದು ಸರಿದು, ಎಂದೂ ಕಾಣದ ನೆಲ ಅರ್ಧ ಕಿಲೋಮೀಟರು ಬಯಲಾಗಿತ್ತಂತೆ. ಗೆರೆಗೆರೆಯ ಮರಳು, ಹೊಂಡ ಹೊಂಡದಲ್ಲಿ ಮೀನಿನ ಮರಿ, ನೀರೊಳಗೆ ಬೆಳೆಯುವ ಗಿಡಗಳು ನೆಲಕ್ಕೊರಗಿ ಮಲಗಿದ್ದವಂತೆ. ಅವಳು ಅದರ ಮೇಲೆ ನಡೆದು ಹೋದಳು.

"ಸಮುದ್ರದ ತಳ ಕಣೇ ಮಗಾ," ಅಂದಳು. "ಶೂ ಬಿಚ್ಚಿ ಕೈಲಿ ಹಿಡ್ಕೊಂಡೆ. ಅಲ್ಲಿ ಹಾಕ್ಕೊಂಡು ನಡೆಯೋಕೆ ಧೈರ್ಯ ಆಗ್ಲಿಲ್ಲ."