ಅಟ್ರಾಕ್ಟಾ ಕಾವಲು ಕೂತ ದಿಬ್ಬ

ಅಟ್ರಾಕ್ಟಾ ಫೀನಿ ನಮ್ಮ ಪಕ್ಕದ ಮನೆಯವಳು. ಹಲ್ಲುನೋವು ಬಂದರೂ ಬಾಯಿಬಿಡದ ಹೆಂಗಸು. ನಲವತ್ತು ವರ್ಷ ಹಾಲಿನ ಡೇರಿಯಲ್ಲಿ ದುಡಿದು, ಎಪ್ಪತ್ತಾರರಲ್ಲೂ ಹತ್ತು ಕುರಿ ಸಾಕಿಕೊಂಡಿದ್ದಳು. ರಾಸ್ಕಾಮನ್ ಕಡೆಯ ನಮ್ಮೂರಿಗೆ ಹೊಸ ಹೆದ್ದಾರಿ ಬರುವುದೆಂದಾಯಿತು. ಅದು ಅವಳ ಜೌಗು ಹೊಲವನ್ನೇ ಸೀಳಿಕೊಂಡು ಹೋಗುತ್ತಿತ್ತು. ಅದಕ್ಕೂ ಮೊದಲು ಅಲ್ಲಿದ್ದ ಹಳೆಯ ದಿಬ್ಬವೊಂದನ್ನು ಅಗೆದು ನೋಡಲು ಪುರಾತತ್ವದವರು ಬಂದರು.

ಹುಲ್ಲು ಕೆತ್ತಿದರೆ ಕೆಳಗೆಲ್ಲ ಸುಟ್ಟು ಸಿಡಿದ ಕಲ್ಲು, ಮಸಿಯಂಥ ಮಣ್ಣು.

"ನಾಲ್ಕು ಸಾವಿರ ವರ್ಷದ ಹಿಂದೆ ಕಲ್ಲು ಕೆಂಪಗೆ ಕಾಯ್ಸಿ, ಗುಂಡಿ ನೀರಿಗೆ ಹಾಕಿ ಕುದಿಸ್ತಿದ್ರು. ಒಡೆದ ಕಲ್ಲು ಪಕ್ಕಕ್ಕೆಸೆದು ಎಸೆದೇ ಈ ದಿಬ್ಬ ಆಗಿದೆ," ಎಂದಳು ತಂಡದ ಮುಖ್ಯಸ್ಥೆ ನೆಸಾ.

ಅಟ್ರಾಕ್ಟಾ ದಿನವೂ ಬೆಳಿಗ್ಗೆ ಮಡಚುವ ಕುರ್ಚಿ ಹಿಡಿದು ಬಂದು ಬೇಲಿಯ ಪಕ್ಕ ಕೂರತೊಡಗಿದಳು. ಮಳೆ ಹನಿದರೂ ಏಳಲಿಲ್ಲ.

"ಬಂದ್ರಪ್ಪಾ ಇನ್ಸ್‌ಪೆಕ್ಟರ್!" ಎಂದು ಅಗೆಯುವವರು ಚುಡಾಯಿಸುತ್ತಿದ್ದರು.

"ಮಾತು ಕಮ್ಮಿ, ಕೈ ಜಾಸ್ತಿ. ನಮ್ಮ ಡೇರಿಲಿ ನಿಮ್ಮನ್ನ ಅರ್ಧ ದಿನ ಇಟ್ಕೊತಿರಲಿಲ್ಲ!" ಎನ್ನುತ್ತಿದ್ದಳು. ಆದರೆ ಗುದ್ದಲಿ ಬಿದ್ದಾಗಲೆಲ್ಲ ಅವಳ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿಯುತ್ತಿದ್ದುದನ್ನು ನಾನು ಕಂಡಿದ್ದೆ.

ನಾಲ್ಕನೆಯ ದಿನ ದೊಡ್ಡ ಯಂತ್ರ ಬಂತು. ಅಟ್ರಾಕ್ಟಾ ಎದ್ದು ಹೋಗಿ ಅದರ ಮುಂದೆ ನಿಂತುಬಿಟ್ಟಳು.

"ಅದರೊಳಗೆ ನಮ್ಮ ಪಾಪು ಇದೆ," ಎಂದಳು.

ನೆಸಾ ಯಂತ್ರ ನಿಲ್ಲಿಸಿ ಅವಳನ್ನು ಕೂರಿಸಿದಳು. ಆಗ ಎಪ್ಪತ್ತು ವರ್ಷದ ಮಾತು ಹೊರಗೆ ಬಂತು. ಅಟ್ರಾಕ್ಟಾಗೆ ಆರು ವರ್ಷವಿದ್ದಾಗ ಅವಳಮ್ಮನಿಗೆ ಸತ್ತ ಕೂಸು ಹುಟ್ಟಿತ್ತು. ಜ್ಞಾನಸ್ನಾನವಾಗದ ಕೂಸಿಗೆ ಚರ್ಚಿನ ಮಣ್ಣಿನಲ್ಲಿ ಜಾಗವಿಲ್ಲದ ಕಾಲ ಅದು. ಅಪ್ಪ ಕೂಸನ್ನಿಟ್ಟ ಬೆಣ್ಣೆಯ ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು, ಹಾರೆ ಹಿಡಿದು ಹೊಲಕ್ಕೆ ಹೋದದ್ದು, ಈ ದಿಬ್ಬದ ಮೇಲೆ ಕುಸಿದು ಕೂತದ್ದು ಕಿಟಕಿಯಿಂದ ಅವಳಿಗೆ ಕಂಡಿತ್ತು. ಬರುವಾಗ ಪೆಟ್ಟಿಗೆ ಇರಲಿಲ್ಲ. ಮನೆಯಲ್ಲಿ ಮತ್ತೆ ಯಾರೂ ಆ ಮಾತೆತ್ತಲಿಲ್ಲ.

"ಮೊದಲೇ ಹೇಳೋದಲ್ವಾ?" ಎಂದೆ ನಾನು.

"ಹೇಗೆ ಹೇಳೋದು? ಅಮ್ಮ ಸಾಯೋವರೆಗೂ ಹೇಳಲಿಲ್ಲ," ಎಂದಳು.

ಯಂತ್ರ ಹಿಂದಕ್ಕೆ ಹೋಯಿತು. ಎರಡು ದಿನ ಎಲ್ಲರೂ ಮಂಡಿಯೂರಿ, ಕರಣೆಯಲ್ಲಿ ಮಣ್ಣನ್ನು ಪದರ ಪದರವಾಗಿ ಕೆರೆದರು. ಕಲ್ಲು, ಇದ್ದಿಲು, ಕೊನೆಗೆ ಓಕ್ ಹಲಗೆ ಹಾಸಿದ ನೀರಿನ ಗುಂಡಿ ಸಿಕ್ಕಿತು.

"ಈ ದಿಬ್ಬವನ್ನ ಯಾರೂ ಯಾವತ್ತೂ ತೋಡಿಲ್ಲ, ಅಟ್ರಾಕ್ಟಾ. ತೋಡಿದ್ರೆ ಗುರುತು ಇರ್ತಿತ್ತು. ಪಾಪು ಇಲ್ಲಿಲ್ಲ," ಎಂದಳು ನೆಸಾ.

"ಹಾಗಾದ್ರೆ ಎಲ್ಲಿ?"

"ಆ ಕಾಲದವರು ಯಾರಾದ್ರೂ ಇದ್ದಾರಾ?"

ಇದ್ದದ್ದು ಒಬ್ಬನೇ, ಅವಳಪ್ಪನ ಜೊತೆ ಕೆಲಸ ಮಾಡುತ್ತಿದ್ದ ಡಾಮಿನಿಕ್ ಕ್ರಾಯನ್. ಈಗ ತೊಂಬತ್ತೊಂದು, ವೃದ್ಧಾಶ್ರಮದಲ್ಲಿದ್ದ. ನನ್ನ ಕಾರಿನಲ್ಲೇ ಹೋದೆವು. ಅಟ್ರಾಕ್ಟಾ ಪಾಪುವಿನ ಬಗ್ಗೆ ಕೇಳಿದಾಗ ಅವನು ಅವಳತ್ತ ಬಾಗಿ ಹೇಳಿದ.

"ಗುಂಡಿ ತೋಡಿದ್ದು ನಾನೇ ಕಣಮ್ಮಾ. ಹೊಳೆ ಆಚೆ, ಮುಳ್ಳುಮರದ ಕೆಳಗೆ. ಅಂಥ ಕೂಸುಗಳನ್ನೆಲ್ಲ ಅಲ್ಲೇ ಮಲಗಿಸ್ತಿದ್ದದ್ದು. ನಿಮ್ಮಪ್ಪ ದಿಬ್ಬದ ಮೇಲೆ ಸುಧಾರಿಸ್ಕೊಳ್ಳೋಕೆ ಕೂತಿದ್ದಷ್ಟೆ. ಹೆಸರೂ ಇಟ್ಟ. ಫಿನಿಯನ್ ಅಂತ."

"ಗಂಡು ಮಗೂನಾ?" ಎಂದಳು ಅಟ್ರಾಕ್ಟಾ. ಅದೂ ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಅವನ ಕೈ ಹಿಡಿದು ಅತ್ತಳು.

ಹೆದ್ದಾರಿ ಹೊಳೆಯ ಈಚೆಗೇ ತಿರುಗುತ್ತದೆ. ನೆಸಾ ನಕಾಶೆ ಬಿಡಿಸಿ ಬೆರಳಿಟ್ಟು ತೋರಿಸಿದಳು, ಒಮ್ಮೆಯಲ್ಲ, ಮೂರು ಸಲ. ಭಾನುವಾರ ಈಗಿನ ಪಾದ್ರಿ ಮುಳ್ಳುಮರದ ಕೆಳಗೆ ಪ್ರಾರ್ಥನೆ ಹೇಳಿದರು. ತಮ್ಮ ಕೂಸುಗಳನ್ನೂ ಅಲ್ಲೇ ಮಲಗಿಸಿದ್ದ ಊರಿನ ಇನ್ನೂ ಮೂರು ಮನೆಯವರು ಯಾರೂ ಕರೆಯದೆಯೇ ಬಂದು ನಿಂತರು.

ಅಗೆತದ ಕೊನೆಯ ದಿನ ತಂಡದವರು ಪಕ್ಕದಲ್ಲೊಂದು ಹೊಸ ಗುಂಡಿ ತೋಡಿ ನೀರು ತುಂಬಿದರು, ಹಳಬರ ಹಾಗೆ ಕಾದ ಕಲ್ಲು ಹಾಕಿದರು. ಅರ್ಧ ಗಂಟೆಯಲ್ಲಿ ನೀರು ಕುದಿಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಅಟ್ರಾಕ್ಟಾ ಒಂದು ಬಕೆಟ್ ತುಂಬಿಸಿಕೊಂಡು, ತಣ್ಣೀರು ಬೆರೆಸಿ, ಬೂಟು ಕಾಲುಚೀಲ ಕಳಚಿ ಎರಡೂ ಪಾದ ಇಳಿಬಿಟ್ಟಳು.

"ಇನ್ಸ್‌ಪೆಕ್ಟರ್, ನಾಳೆಯಿಂದ ಎಲ್ಲಿ ಡ್ಯೂಟಿ?" ಎಂದನೊಬ್ಬ.

"ನಾಳೆ ಮಲಗ್ತೀನಪ್ಪಾ," ಎಂದಳು ಅವಳು ಕಣ್ಣು ಮುಚ್ಚಿ. "ಹತ್ತು ಗಂಟೆವರೆಗೆ ಯಾರೂ ಬಾಗಿಲು ಬಡೀಬೇಡಿ."