ಪಾಚಿಗೆ ನೀರು ಹನಿಸಿದವರು

ವಿದ್ಯಾನಗರದಲ್ಲಿ ಬಸ್ ಹತ್ತಿ, ಭದ್ರಾವತಿಯ ಕಾಲೇಜಿನವರೆಗೂ ನನ್ನ ಪಕ್ಕ ಕೂರುತ್ತಿದ್ದ ಸಸ್ಯಶಾಸ್ತ್ರದ ಮೇಡಂ ಅರ್ಧ ಹೊತ್ತು ಪಾಚಿಯ ಲೋಕದಲ್ಲೇ ಇರುತ್ತಿದ್ದರು. ದೂರದ ಸಂಶೋಧಕರ ಪ್ರಬಂಧಗಳು, ಪ್ರಕಟವಾಗುವ ಮೊದಲು, ತಪ್ಪೊಪ್ಪು ನೋಡಲೆಂದು ಅವರಿಗೆ ಬರುತ್ತಿದ್ದವು. ಅದಕ್ಕೆ ಸಂಬಳವಿಲ್ಲ, ನೋಡಿದವರು ಯಾರೆಂದು ಬರೆದವರಿಗೂ ತಿಳಿಯುವಂತಿಲ್ಲ.

“ಕಣ್ಣಾರೆ ನೋಡದೆ ಹೂಂ ಅನ್ನೋಕಾಗಲ್ಲ ಮಾರಾಯ್ತಿ” ಎನ್ನುತ್ತಿದ್ದರು.

ಒಂದು ಬೇಸಿಗೆಯಲ್ಲಿ ಬಂದ ಪ್ರಬಂಧ, ಒಣಗಿದ ಪಾಚಿ ನೀರು ಬಿದ್ದ ಮೇಲೆ ಅರಳಲು ಒಂದು ಗಂಟೆ ಬೇಕು ಎಂದಿತ್ತು. ಕಾಲೇಜಿನ ಕಾಂಪೌಂಡ್ ಗೋಡೆಯ ಮೇಲೂ ಅದೇ ಜಾತಿಯ ಪಾಚಿ. ಮೇಡಂ ಬಸ್ಸಿಳಿದವರೇ ಅದಕ್ಕೆ ಬಾಟಲಿಯ ನೀರು ಹನಿಸಿ, ವಾಚು ಬಿಚ್ಚಿ ಹಿಡಿದು ನಿಂತರು. ಬೆಲ್ ಹೊಡೆದದ್ದು ಅವರಿಗೆ ಕೇಳಿಸಲೇ ಇಲ್ಲ. ನೋಡುತ್ತಿದ್ದಂತೆಯೇ ಕಂದು ಗೋಡೆ ನಿದ್ದೆ ತಿಳಿದೆದ್ದಂತೆ ಹಸಿರಾಯಿತು.

“ಎರಡೇ ನಿಮಿಷ!” ಎಂದು ಪಿಸುಗುಟ್ಟಿದರು. ಇಲ್ಲಿ ಎರಡೇ ನಿಮಿಷ ಹಿಡಿಯಿತು, ಮತ್ತೆ ಅಳೆದು ನೋಡಿ ಎಂದು ಹೆಸರಿಲ್ಲದೆ ಬರೆದು ಕಳಿಸಿದರು.

ವರ್ಷದ ಮೇಲೆ ಪ್ರಬಂಧ ಪ್ರಕಟವಾಯಿತು, ದುಡ್ಡು ಕಟ್ಟಿದವರಿಗಷ್ಟೇ ತೆರೆಯುವ ಪತ್ರಿಕೆಯಲ್ಲಿ. ತಿದ್ದಿದ ಮೇಡಂಗೇ ಅದು ಓದಲು ಸಿಗಲಿಲ್ಲ. ಯಾರೋ ಓದುಗರಂತೆ ಲೇಖಕರಿಗೆ ಮೇಲ್ ಮಾಡಿ ಒಂದು ಪ್ರತಿ ಕೇಳಿದರು. ಮರುದಿನ ಬಸ್ಸಿನಲ್ಲಿ ಉತ್ತರ ತೋರಿಸಿದರು. ಪ್ರತಿಯ ಜೊತೆ ಲೇಖಕರ ಕಿವಿಮಾತೂ ಇತ್ತು: “ಪಾಚಿ ಎರಡೇ ನಿಮಿಷದಲ್ಲಿ ಅರಳುತ್ತದೆಂದರೆ ಹೊಸಬರಿಗೆ ನಂಬುವುದು ಕಷ್ಟ. ನೀವೇ ಒಮ್ಮೆ ನೀರು ಹನಿಸಿ ನೋಡಿ.”

“ಅದನ್ನ ಹೇಳಿದ್ದೇ ನಾನು ಅಂತ ಬರೀರಿ ಮೇಡಂ!” ಎಂದು ರೇಗಿದೆ.

“ಹಂಗೆಲ್ಲ ಹೇಳೋ ಹಾಗಿಲ್ಲ ಮಾರಾಯ್ತಿ.” ಕಿಟಕಿಯಾಚೆ ನೋಡುತ್ತ ನಕ್ಕು, ಒಂದೇ ಸಾಲು ಟೈಪ್ ಮಾಡಿದರು: “ಖಂಡಿತ ಹನಿಸಿ ನೋಡುತ್ತೇನೆ.”

ಬಸ್ಸಿಳಿದ ಮೇಲೆ ಹನಿಸಿಯೂ ನೋಡಿದರು.