ಸುಮಿತ್ರಾಬಾಯಿ ಎಂಬಾಕೆ ಈ ಮನೆಯಲ್ಲಿಲ್ಲ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಸೊಲ್ಲಾಪುರದ ಬಳಿಯ ನಮ್ಮೂರು ಕುಂಭಾರಿಯ ಜನ ಅನ್ನುವುದು ಸುಳ್ಳಲ್ಲ. ಅಂಗನವಾಡಿ ನಡೆಸುವವಳ ಕೊರಳಿಗೆ ಮತದಾರರ ಪಟ್ಟಿಯ ಕೆಲಸವನ್ನೂ ಕಟ್ಟಿದ್ದಾರೆ, ಸಿಟ್ಟು ಬರದೆ ಇನ್ನೇನು? ಆದರೆ ಆ ತಕರಾರು ಅರ್ಜಿ ಓದಿದಾಗ ಬಂದದ್ದು ಬೇರೆಯೇ ಸಿಟ್ಟು. ಸುಮಿತ್ರಾಬಾಯಿ ಎಂಬ ಹೆಂಗಸು ನಮ್ಮ ಮನೆಯಲ್ಲಿಲ್ಲ, ಹೆಸರು ತೆಗೆಯಿರಿ ಎಂದು ಬರೆದುಕೊಟ್ಟವನು ಆಕೆಯ ಸ್ವಂತ ಮೈದುನ ಶಂಕರೆಪ್ಪ.

ಆಕೆ ಅಕ್ಕಲಕೋಟೆ ಕಡೆಯವಳು, ತವರಿನ ಹೆಸರು ಕಲ್ಯಾಣಮ್ಮ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹೊಸ ಸೊಸೆ ಹೊಸ್ತಿಲು ದಾಟಿದ ದಿನ ಗಂಡ ತಾಟಿನ ಅಕ್ಕಿಯಲ್ಲಿ ಬೆರಳಾಡಿಸಿ ಹೊಸ ಹೆಸರು ಬರೆಯುತ್ತಾನೆ. ಅಂದಿನಿಂದ ಆಕೆ ಸುಮಿತ್ರಾ. ನಲವತ್ತೆರಡು ವರ್ಷ ಆ ಹೆಸರಿಗೇ ಓಗೊಟ್ಟಳು, ಆ ಹೆಸರಿನಲ್ಲೇ ಓಟು ಹಾಕಿದಳು. ಆಧಾರ್ ಮಾತ್ರ ಹಳೆಯ ಶಾಲಾ ದಾಖಲೆ ನೋಡಿ ಮಾಡಿಸಿದ್ದು, ಅದರಲ್ಲಿ ಕಲ್ಯಾಣಮ್ಮ ಎಂದೇ ಇತ್ತು.

ಈ ಸಲ ಶಂಕರೆಪ್ಪನ ಮಗ ಯುವರಾಜ ಪಂಚಾಯಿತಿಗೆ ನಿಲ್ಲುವವನಿದ್ದ. ಮನೆಯ ಓಟೆಲ್ಲ ಅವನಿಗೇ ಎಂದು ಶಂಕರೆಪ್ಪ ಹೇಳಿದಾಗ ಆಕೆ, ನನ್ನ ಓಟು ನಾನು ವಿಚಾರ ಮಾಡಿ ಹಾಕುತ್ತೇನೆ ಅಂದಿದ್ದಳು. ಅದೇ ತಪ್ಪಾಯಿತು. ಆಕೆಗೆ ವಿಚಾರಣೆಯ ನೋಟೀಸು ಕೊಡಲು ಹೋದಾಗ ನನಗೇ ನಾಚಿಕೆಯಾಯಿತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅನ್ನುತ್ತಾರೆ. ತಂದುಕೊಂಡ ಮನೆಯೂ ಹೊರಗೆ ಹಾಕಿದರೆ ಆಕೆ ಎಲ್ಲಿಯವಳು?

ವಿಚಾರಣೆ ಸೊಲ್ಲಾಪುರದ ಚುನಾವಣಾ ಕಚೇರಿಯಲ್ಲಿ. ನಾನೂ ಜೊತೆಗೆ ಹೋದೆ. ಸಾಹೇಬರು ಆಧಾರ್ ನೋಡಿ, ಪಟ್ಟಿಯ ಹೆಸರು ಬೇರೆ, ಇದು ಬೇರೆ, ಏನು ಮಾಡಲಿ ಎಂದರು. ಶಂಕರೆಪ್ಪ ಮೀಸೆಯಲ್ಲೇ ನಕ್ಕ.

ಆಕೆ ಚೀಲದಿಂದ ಒಂದು ಮಡಚಿದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಗಂಡ ಸತ್ತ ವರ್ಷ ಅವನ ಪಾಲಿನ ಆರು ಎಕರೆಯನ್ನು ಮೈದುನನಿಗೆ ಬಿಟ್ಟುಕೊಟ್ಟ ನೋಂದಣಿ ಪತ್ರ ಅದು. ಕೆಳಗೆ ಸಹಿ ಸುಮಿತ್ರಾಬಾಯಿಯದು.

"ತಮ್ಮಾ," ಎಂದಳು, ದನಿ ಏರಿಸಲಿಲ್ಲ. "ಸುಮಿತ್ರಾಬಾಯಿ ಅನ್ನಾಕಿ ಇಲ್ಲಂತ ಬರದು ಕೊಟ್ಟೀದಿ. ಹಂಗಾದ್ರ ಆರು ಎಕರೆ ನಿನಗ ಬಿಟ್ಟುಕೊಟ್ಟಾಕಿ ಯಾರು?"

ಅರ್ಜಿ ವಾಪಸು ಕೊಡಿ ಎಂದು ಶಂಕರೆಪ್ಪ ಸಾಹೇಬರತ್ತ ಕೈ ಚಾಚಿದ. ಹಾಗೆ ಕೊಡಲು ಬರುವುದಿಲ್ಲ, ಬರೆದುಕೊಡಿ ಎಂದರು ಸಾಹೇಬರು. ಸುಮಿತ್ರಾಬಾಯಿ ನನ್ನ ವೈನಿ, ಅಣ್ಣನ ಹೆಂಡತಿ, ನಮ್ಮ ಮನೆಯಲ್ಲೇ ಇದ್ದಾಳೆ ಎಂದು ಅವನು ಮರಾಠಿಯಲ್ಲಿ ಬರೆದ. ಬೆವರು ಒರೆಸಿಕೊಂಡು ಸಹಿ ಹಾಕಿದ. ಪಟ್ಟಿಯಲ್ಲಿ ಆಕೆಯ ಹೆಸರು ಉಳಿಯಿತು.

ನಾನಾಗಿದ್ದರೆ ಹೊಲವನ್ನೂ ಕೇಳುತ್ತಿದ್ದೆ. ಆಕೆ ಕೇಳಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಹೇಳಿದಳು, "ಹೊಲಾ ಬಿಟ್ಟುಕೊಡುವಾಗ ನಾ ಯಾರಂತ ಒಬ್ರೂ ಕೇಳಲಿಲ್ಲ ನೋಡವ್ವಾ. ಓಟಿಗಷ್ಟ ಕೇಳಿದ್ರು."